ಬೀಡಿ ಬಿಟ್ಟವರ ಬೆನ್ನಿಗೆ ಯಾರು?

ಸಿಗರೇಟು ಬಿಡುವುದು ಮನಸ್ಸು ಗಟ್ಟಿ ಮಾಡಿಕೊಳ್ಳುವ ವಿಚಾರವೆಂದೇ ನಾವು ಬಹುಕಾಲ ನಂಬಿದ್ದೆವು. ಬಿಟ್ಟವನು ಗಟ್ಟಿಗ, ಮತ್ತೆ ಹಚ್ಚಿದವನು ಕೈಲಾಗದವನು. ಈ ನಂಬಿಕೆ ನಿಧಾನವಾಗಿ ಕರಗಿದ ಬಗೆಯನ್ನು ಚೆನ್ನೈನ ಕಳೆದ ಎರಡು-ಮೂರು ದಶಕಗಳಲ್ಲಿ ಚೆನ್ನಾಗಿ ಕಾಣಬಹುದು.

ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಲಂಡನ್ನಿನಿಂದ ಜಗತ್ತಿಗೆ ತಿಳಿಸಿದ್ದು 1950ರಲ್ಲಿ. ನಾಲ್ಕು ವರ್ಷಗಳ ಬಳಿಕ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹಟದಿಂದ ಚೆನ್ನೈನ ಅಡ್ಯಾರಿನಲ್ಲಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಬಾಗಿಲು ತೆರೆಯಿತು. ಆದರೆ ಹೊಗೆಯ ಹಾನಿ ನಮ್ಮಲ್ಲಿ ಕ್ಯಾನ್ಸರಿಗೆ ನಿಲ್ಲುವುದಿಲ್ಲ ಎಂಬುದು ಸ್ಪಷ್ಟವಾಗಲು 2003 ಬರಬೇಕಾಯಿತು. ಚೆನ್ನೈನ ಡಾ. ವೇಂದನ್ ಗಜಲಕ್ಷ್ಮಿ, ರಿಚರ್ಡ್ ಪೀಟೊ ಮತ್ತು ಸಂಗಡಿಗರು ಚೆನ್ನೈ ನಗರ ಹಾಗೂ ವಿಲ್ಲುಪುರಂ ಹಳ್ಳಿಗಳಲ್ಲಿ ಸತ್ತ 43,000 ಗಂಡಸರ ವಿವರಗಳನ್ನು ಕಲೆಹಾಕಿ, 35,000 ಬದುಕಿರುವವರ ಜತೆ ಹೋಲಿಸಿದರು. ಬೀಡಿ, ಸಿಗರೇಟು ಸೇದುವವರು ಕ್ಷಯದಿಂದ ಸಾಯುವ ಸಂಭವ ಸೇದದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಎಂದು ಗೊತ್ತಾಯಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ಮುಖ್ಯ ಭಾರತೀಯ ಅಧ್ಯಯನ ಇದು. ಬಡವನ ಬೀಡಿಯೂ ಬಡವನ ಕಾಯಿಲೆಯೂ ಒಂದೇ ಎದೆಯೊಳಗೆ ಕೂಡಿಕೊಂಡಿರುವುದನ್ನು ಅದು ಅಂಕಿಗಳಲ್ಲಿ ತೋರಿಸಿತು.

ಚೆನ್ನೈನದೇ ಚೇಟ್‌ಪಟ್ಟಿನಲ್ಲಿ 1956ರಲ್ಲಿ ಶುರುವಾದ ಕ್ಷಯ ಸಂಶೋಧನಾ ಕೇಂದ್ರ, ಸ್ಯಾನಟೋರಿಯಂಗೆ ಸೇರದೆ ಮನೆಯಲ್ಲಿದ್ದೇ ಔಷಧಿ ತಗೊಂಡವರೂ ಅಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು ಸಾಬೀತು ಮಾಡಿತ್ತು. ಅದಕ್ಕೆ ಬೇಕಾಗಿದ್ದುದು ರೋಗಿಯನ್ನು ಬಿಡದೆ ವಿಚಾರಿಸಿಕೊಳ್ಳುವವರು. ತಂಬಾಕು ಬಿಡಿಸುವ ಕೆಲಸಕ್ಕೂ ಬೇಕಾದದ್ದು ಅದೇ.

2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕೇಂದ್ರ ಆರೋಗ್ಯ ಇಲಾಖೆ ಸೇರಿ ದೇಶದಲ್ಲಿ 13 ತಂಬಾಕು ಬಿಡಿಸುವ ಕ್ಲಿನಿಕ್‌ಗಳನ್ನು ತೆರೆದವು. ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನದು ಒಂದು, ಬೆಂಗಳೂರಿನ ನಿಮ್ಹಾನ್ಸ್‌ನದು ಇನ್ನೊಂದು. ಇಂಥ ಕಡೆ ಉಪದೇಶ ಕಡಿಮೆ, ವಿಚಾರಣೆ ಹೆಚ್ಚು. ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು? ಯಾರ ಜತೆ? ಕಾಫಿಯ ಮೇಲೋ, ಊಟದ ಮೇಲೋ? ಉತ್ತರ ನೋಡಿಕೊಂಡು ಬಿಡುವ ದಿನ ಗೊತ್ತು ಮಾಡುತ್ತಾರೆ. ಬೇಕಾದವರಿಗೆ ನಿಕೋಟಿನ್ ಗಮ್ ಕೊಡುತ್ತಾರೆ. ಅದನ್ನು ಜಗಿಯಲೂ ಕಲಿಸಿಕೊಡಬೇಕು. ಬಬಲ್ ಗಮ್‌ನಂತೆ ಒಂದೇ ಸಮನೆ ಜಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು. ನಿಧಾನಕ್ಕೆ ಜಗಿದು, ನಾಲಗೆಗೆ ಚುರುಚುರು ಎಂದಾಗ ಕೆನ್ನೆಯ ಒಳಬದಿಗೆ ಒತ್ತಿ ಇಟ್ಟುಕೊಳ್ಳಬೇಕು. ಚುರುಗುಟ್ಟುವುದು ನಿಂತಮೇಲೆ ಮತ್ತೆ ಜಗಿಯಬೇಕು. ಕಾಫಿ ಕುಡಿದ ಕೂಡಲೇ ಬಾಯಿಗೆ ಹಾಕಿಕೊಂಡರೆ ಬಾಯಿ ನಿಕೋಟಿನನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಫಿಲ್ಟರ್ ಕಾಫಿಯ ಊರಿನಲ್ಲಿ ಇದನ್ನು ಹೇಳದೆ ಚೀಟಿ ಬರೆದುಕೊಟ್ಟರೆ ಏನು ಬಂತು? ಗಮ್ ಕೆಲಸ ಮಾಡಲಿಲ್ಲವೆಂದು ಆ ಮನುಷ್ಯ ಮತ್ತೆ ಗೂಡಂಗಡಿಗೇ ಹೋಗುತ್ತಾನೆ.

ಕಾನೂನು ಜತೆಜತೆಗೇ ಬಂತು. 2003ರ ತಂಬಾಕು ಕಾಯ್ದೆ, 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗಗಳಲ್ಲಿ ಬಿಗಿಯಾದ ನಿಷೇಧ. ಆಗಿನ ಕೇಂದ್ರ ಆರೋಗ್ಯ ಸಚಿವ ಅನ್ಬುಮಣಿ ರಾಮದಾಸ್ ತಮಿಳುನಾಡಿನವರೇ. ತೆರೆಯ ಮೇಲಿನ ಸಿಗರೇಟಿನ ಬಗ್ಗೆಯೂ ಅವರದು ನೇರ ತಕರಾರು. ಸಿಗರೇಟನ್ನು ಗಾಳಿಯಲ್ಲಿ ಚಿಮ್ಮಿಸಿ ತುಟಿಗಿಡುವ ರಜನೀಕಾಂತ್ ಶೈಲಿಗೆ ಎರಡು ತಲೆಮಾರು ಮರುಳಾಗಿತ್ತಲ್ಲ. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ಅದೇ ರಜನಿ, 2023ರ ಜನವರಿಯಲ್ಲಿ ಚೆನ್ನೈನ ನಾಟಕ ಸಮಾರಂಭವೊಂದರಲ್ಲಿ, ದಿನಕ್ಕೆ ಲೆಕ್ಕವಿಲ್ಲದಷ್ಟು ಸೇದುತ್ತಿದ್ದ ತಮ್ಮನ್ನು ಹೆಂಡತಿ ಲತಾ ಪ್ರೀತಿಯಿಂದಲೇ ಬದಲಿಸಿದರೆಂದು ಬಹಿರಂಗವಾಗಿ ಹೇಳಿದರು. ಒಬ್ಬರೇ ಗೆದ್ದೆನೆಂದು ಹೇಳಿಕೊಳ್ಳದೆ ಜತೆಗಿದ್ದವರ ಹೆಸರು ಹೇಳಿದ್ದು ಅಭಿಮಾನಿಗಳಿಗೆ ದೊಡ್ಡ ಉಪಕಾರ.

ಎಲ್ಲರ ಮನೆಯಲ್ಲೂ ಅಂಥ ಒತ್ತಾಸೆ ಇರುವುದಿಲ್ಲ. ಅಂಥವರಿಗಾಗಿ 2016ರಲ್ಲಿ ದೆಹಲಿಯಲ್ಲಿ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ ಆರಂಭವಾಯಿತು. 2018ರಲ್ಲಿ ನಿಮ್ಹಾನ್ಸ್ ಕೂಡ ಅದಕ್ಕೆ ಕೈಜೋಡಿಸಿ ದಕ್ಷಿಣದ ಭಾಷೆಗಳ ಕರೆಗಳನ್ನು ತಗೊಂಡಿತು. ಅದೇ ವರ್ಷ ಸಹಾಯವಾಣಿಯ ಸಂಖ್ಯೆ ಪ್ಯಾಕಿನ ಮೇಲೂ ಅಚ್ಚಾಯಿತು.

ಇಷ್ಟಾಗಿಯೂ ಲೆಕ್ಕ ಸಮಾಧಾನ ಕೊಡುವುದಿಲ್ಲ. 2009–10 ಮತ್ತು 2016–17ರ ಸಮೀಕ್ಷೆಗಳ ನಡುವೆ ದೇಶದಲ್ಲಿ ತಂಬಾಕು ಬಳಸುವ ವಯಸ್ಕರು ಶೇ. 34.6ರಿಂದ 28.6ಕ್ಕೆ, ಕರ್ನಾಟಕದಲ್ಲಿ 28.2ರಿಂದ 22.8ಕ್ಕೆ ಇಳಿದರು. ಆದರೆ ತಮಿಳುನಾಡಿನಲ್ಲಿ 16.2ರಿಂದ 20ಕ್ಕೆ ಏರಿತು. ಹೆಸರಾಂತ ಆಸ್ಪತ್ರೆಯಲ್ಲಿ ಒಳ್ಳೆಯ ಕ್ಲಿನಿಕ್ ಇದ್ದರಷ್ಟೇ ಸಾಲದು. ಕೂಲಿಯವನು, ಆಟೋ ಓಡಿಸುವವನು ಒಂದು ದಿನದ ದುಡಿಮೆ ಬಿಟ್ಟು ಅಲ್ಲಿಗೆ ಎಷ್ಟು ಸಲ ಹೋದಾನು? ವಾರ್ಡಿನ ಆರೋಗ್ಯ ಕೇಂದ್ರದಲ್ಲಿ, ಕ್ಷಯದ ಮಾತ್ರೆ ಕೊಡುವ ಕಿಟಕಿಯಲ್ಲೇ ಈ ನೆರವೂ ಸಿಗಬೇಕು.

ಬಿಟ್ಟ ಮೊದಲ ಎರಡು-ಮೂರು ದಿನ ಚಡಪಡಿಕೆ ಜೋರು. ಕೆಲವು ವಾರಗಳಲ್ಲಿ ಅದು ತಗ್ಗುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಮನೆಯವರನ್ನೋ ಗೆಳೆಯನನ್ನೋ ಬೈಯಬೇಡಿ, ಜತೆಗಿರಿ. ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿಸಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.