ಸೇರೆಗಾರನಿಂದ ಸಿಬ್ಬಂದಿ ವಿಭಾಗಕ್ಕೆ

ನಿಟ್ಟೂರಿನ ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಲೆಕ್ಕದ ಪುಸ್ತಕಗಳ ಕಟ್ಟೊಂದಿದೆ. ತೋಟದ ಅಗತೆಗೆ ಕೊಟ್ಟ ಕೂಲಿ, ಅಕ್ಕಿ, ಮುಂಗಡದ ಬಾಕಿ ಎಲ್ಲವೂ ಅದರಲ್ಲಿ ಅಚ್ಚುಕಟ್ಟಾಗಿ ನಮೂದಾಗಿವೆ. ದುಡಿದವರ ಹೆಸರುಗಳು ಮಾತ್ರ ಇಲ್ಲ. ‘ಸೇರೆಗಾರನ ಕಡೆ ಹನ್ನೆರಡು ಆಳು’ ಎಂದಷ್ಟೇ ಇದೆ. ಇಂದಿನ ಸಂಸ್ಥೆಗಳಲ್ಲಿ ಮಾನವ ಸಂಪನ್ಮೂಲ ವಿಭಾಗವೆಂದು ಕರೆಯುವ ವ್ಯವಸ್ಥೆಯ ಬೆಲೆ ಏನೆಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಸಾಲು.

ಸೇರೆಗಾರನನ್ನು ಸಾಹಿತ್ಯಪ್ರಿಯರಿಗೆ ಪರಿಚಯಿಸಬೇಕಾಗಿಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯ ರಂಗಪ್ಪಸೆಟ್ಟಿಯನ್ನು ಮರೆತವರಾರು? ಘಟ್ಟದ ಕೆಳಗಿನಿಂದ ಆಳುಗಳನ್ನು ಕೂಡಿಸಿ ತರುವವನು ಅವನು. ಮುಂಗಡ ಹಂಚುವವನು, ಬೆಳಗ್ಗೆ ತಲೆ ಎಣಿಸುವವನು, ಜಗಳ ಬಿಡಿಸುವವನೂ ಅವನೇ. ಅವನಿಗೆ ನ್ಯಾಯ ಸಲ್ಲಬೇಕಾದರೆ ಇದನ್ನೂ ಹೇಳಬೇಕು: ಯಾರಿಗೆ ಜ್ವರ, ಯಾರ ಮನೆಯಲ್ಲಿ ಬಾಣಂತಿ ಎಂಬುದನ್ನು ಅವನು ಬಲ್ಲವನಾಗಿದ್ದನು. ಆದರೆ ಕೂಲಿ ಅವನ ಕೈದಾಟಿಯೇ ಆಳಿನ ಕೈಗೆ ಬರಬೇಕು. ಅವನಿಂದಲೇ ಅನ್ಯಾಯವಾದರೆ ದೂರನ್ನು ಯಾರಲ್ಲಿಗೆ ಒಯ್ಯುವುದು? ಒಡೆಯನಿಗೆ ಆಳಿನ ಹೆಸರೇ ತಿಳಿಯದು.

ಪಟ್ಟಣದ ಗಿರಣಿಗಳಲ್ಲಿ ಇದೇ ಪಾತ್ರವನ್ನು ಮೇಸ್ತ್ರಿ, ಜಾಬರ್ ಎಂಬವರು ವಹಿಸಿದ್ದರು. ಕೆಲಸ ಕೊಡಿಸಲು ಲಂಚ, ಉಳಿಸಿಕೊಳ್ಳಲು ಮತ್ತೆ ಲಂಚ. 1929ರಲ್ಲಿ ನೇಮಕವಾದ ವಿಟ್ಲೆ ಆಯೋಗವು 1931ರ ತನ್ನ ವರದಿಯಲ್ಲಿ ಈ ರೋಗಕ್ಕೆ ಮದ್ದು ಸೂಚಿಸಿತು: ಆಳನ್ನು ಸೇರಿಸುವ, ತೆಗೆಯುವ ಅಧಿಕಾರ ಜಾಬರನ ಕೈಯಲ್ಲಿರಬಾರದು, ಅದಕ್ಕೆಂದೇ ಒಬ್ಬ ಕಾರ್ಮಿಕ ಅಧಿಕಾರಿ ಇರಬೇಕು, ಅವನು ಪ್ರಧಾನ ವ್ಯವಸ್ಥಾಪಕನೊಬ್ಬನಿಗಲ್ಲದೆ ಬೇರಾರಿಗೂ ಅಧೀನನಾಗಿರಬಾರದು. ಐನೂರು ಅಥವಾ ಹೆಚ್ಚು ಜನ ದುಡಿಯುವಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆಗಳ ಕಾಯಿದೆ ವಿಧಿಸಿತು. ಇಂದಿನ ವಿಭಾಗದ ವಂಶಾವಳಿ ಬಹುಮಟ್ಟಿಗೆ ಇಲ್ಲಿಂದ ಬಂದುದು.

ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ 1923ರಲ್ಲಿ ಕುಲುಮೆ ಹೊತ್ತಿಕೊಂಡಾಗ ಕನ್ನಡದವರ ಜೊತೆಗೆ ತಮಿಳು, ತೆಲುಗು ಮಾತಾಡುವವರೂ ಬಂದು ನೆಲೆಸಿದರು. ಅಂಥ ಊರಿಗೆ ಸೇರೆಗಾರನ ಮುಖಪರಿಚಯ ಸಾಲದು. ಹಾಜರಿ ಪುಸ್ತಕ ಬೇಕು, ರಜೆಯ ಲೆಕ್ಕ ಬೇಕು, ಭವಿಷ್ಯನಿಧಿಗೆ ಕಾಗದಪತ್ರ ಬೇಕು. ಕಚೇರಿಯ ಕಾಗದವನ್ನು ಹಳಿಯುವುದು ನಮ್ಮಂಥ ಸಾಹಿತ್ಯದವರ ಚಟ, ನಾನೂ ಹಳಿದಿದ್ದೇನೆ. ಆದರೆ ಹೆಸರಿನ ಮುಂದೆ ಬರೆದ ದಿನಗಳೇ ಮುಪ್ಪಿನಲ್ಲಿ ಅನ್ನವಾಗುವುದನ್ನು ಕಂಡ ಮೇಲೆ ಹಾಗೆ ಹಳಿಯಲು ಮನಸ್ಸಾಗುವುದಿಲ್ಲ.

‘ಸಂಪನ್ಮೂಲ’ವೆಂಬ ಪದ ಮಾತ್ರ ನನಗಿನ್ನೂ ಒಗ್ಗಿಲ್ಲ. ಆ ಕುಲುಮೆಗೆ ಮಲೆನಾಡಿನ ಕಾಡನ್ನು ಇದ್ದಲಾಗಿಸಿ ಉಣಿಸಿದರು; ಆ ಇದ್ದಲೂ ಸಂಪನ್ಮೂಲವೇ.

ಈಚೆಗೆ ಸೇರೆಗಾರನು ಗುತ್ತಿಗೆದಾರನ ವೇಷದಲ್ಲಿ ಮರಳಿದ್ದಾನೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಕಾಯಿದೆ ಹೇಳಿತು. ಆದರೂ ಎಷ್ಟೋ ಕಡೆ ಸಿಬ್ಬಂದಿ ವಿಭಾಗಕ್ಕೆ ಇವರು ಬರಿಯ ಸಂಖ್ಯೆ. 2023ರಲ್ಲಿ ಭದ್ರಾವತಿಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು.

ಬೆಂಗಳೂರಿನ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ತಿಂಗಳ ಕೊನೆಯಲ್ಲಿ ಗುತ್ತಿಗೆದಾರನಿಂದ ಹೆಸರುಗಳ ಪಟ್ಟಿ ತರಿಸಿಕೊಂಡು, ಕೂಲಿ ಪೂರ್ತಿ ಬಂತೇ ಎಂದು ಒಬ್ಬೊಬ್ಬರನ್ನೇ ಕರೆದು ಕೇಳುತ್ತಾನಂತೆ. ಮೇಲಿನವರಿಗೆ ಇದು ಅಷ್ಟಾಗಿ ರುಚಿಸಿಲ್ಲವೆಂದು ಹೋದ ಸಲ ಬಂದಾಗ ನಗುತ್ತಲೇ ಹೇಳಿದ.