ಆಮ್ ತಲಾಬಿನ ದಂಡೆಯಲ್ಲಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಸೀಮೆಗೆ ಹಳೆಯ ಕನ್ನಡ ಹೆಸರು ಎಡೆದೊರೆ. ಫಾರ್ಸಿ ಬಲ್ಲವರು ಅದನ್ನೇ ದೋಆಬ್ ಎಂದರು. ಎರಡೂ ಭಾಷೆಗಳು ಈ ನೆಲವನ್ನು ನೀರಿನಿಂದಲೇ ಗುರುತಿಸಿದವು.

ದೇವದುರ್ಗದವರು ಕೃಷ್ಣೆಯ ಕಡೆಯಿಂದ, ಮಾನ್ವಿಯವರು ತುಂಗಭದ್ರೆಯ ಕಡೆಯಿಂದ ರಾಯಚೂರಿಗೆ ಬಂದರೆ ಕಣ್ಣಿಗೆ ಬೀಳುವುದು ಕೋಟೆ. 1294ರಲ್ಲಿ ಕಾಕತೀಯರ ಕಾಲದಲ್ಲಿ ಅದು ಎದ್ದಿತೆಂದು ಗೋಡೆಯಲ್ಲಿರುವ 40 ಅಡಿಗೂ ಉದ್ದದ ಕಲ್ಲಿನ ಶಾಸನ ಹೇಳುತ್ತದೆ. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಾಹನನ್ನು ಇಲ್ಲಿಯೇ ಸೋಲಿಸಿದ. ಗೆದ್ದವರು, ಸೋತವರು ಯಾರೆಂಬುದು ನಮ್ಮ ಮಕ್ಕಳಿಗೆ ಬಾಯಿಪಾಠ. ಕೋಟೆಬೆಟ್ಟದ ಮಗ್ಗುಲಲ್ಲಿರುವ ಕೆರೆಯ ಮಾತು ಮಾತ್ರ ಯಾವ ಪಾಠದಲ್ಲೂ ಬರುವುದಿಲ್ಲ.

ಈ ಕೆರೆ ಉರ್ದು ಮಾತಿನವರಿಗೆ ಆಮ್ ತಲಾಬ್, ಕನ್ನಡದವರಿಗೆ ಮಾವಿನಕೆರೆ. ಉರ್ದುವಿನಲ್ಲಿ ಆಮ್ ಎಂದರೆ ಮಾವು, ನಿಜ. ಆದರೆ ಅದೇ ಪದವನ್ನು ಐನ್ ಅಕ್ಷರದಿಂದ ಬರೆದರೆ ಸರ್ವರಿಗೂ ಸೇರಿದ್ದು ಎಂದಾಗುತ್ತದೆ. ದೀವಾನೆ ಆಮ್ ಎನ್ನುವಲ್ಲಿನ ಆಮ್ ಅದು. ಬರವಣಿಗೆಯಲ್ಲಿ ಬೇರೆ, ನಾಲಗೆಯ ಮೇಲೆ ಒಂದೇ. ಇದೇ ಊರಿನಲ್ಲಿ ಖಾಸಬಾವಿಯೂ ಇದೆ. ಖಾಸ್ ಎಂದರೆ ಕೆಲವರಿಗೆ ಮೀಸಲಾದದ್ದು. ಎರಡು ಹೆಸರನ್ನೂ ಜೊತೆಗಿಟ್ಟು ನೋಡಿದಾಗ, ಆಮ್ ತಲಾಬನ್ನು ಜನಸಾಮಾನ್ಯರ ಕೆರೆ ಎಂದು ಓದುವುದೇ ನಮಗೆ ಹಿತವೆನಿಸುತ್ತದೆ.

ದಂಡೆಗುಂಟ ನಡೆದರೆ ಒಂದು ಬದಿಗೆ ಬಂಡೆಗಳ ಗುಡ್ಡ, ಇನ್ನೊಂದು ಬದಿಗೆ ನೀರು. ಬೇವು, ಕರಿಜಾಲಿ, ಹುಣಸೆ ಈ ಒಣನಾಡಿನ ಬಿಸಿಲಿಗೆ ಒಗ್ಗಿದ ಮರಗಳು. ಖಾಲಿ ಬಿದ್ದ ನೆಲವನ್ನೆಲ್ಲ ನುಂಗುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದದ್ದು. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳಿಗೆ ಬೇಕಾದದ್ದು ಮೀನಿರುವ ನೀರು, ಕೂರಲು ಒಂದು ಕೊಂಬೆ. ಅವು ಕೆರೆಯ ಹೆಸರನ್ನು ಕೇಳುವುದಿಲ್ಲ.

ಸರ್ವರದೆಂದ ಮಾತ್ರಕ್ಕೆ ಯಾರದೂ ಅಲ್ಲ ಎಂದಾಗಬಾರದು. ಒತ್ತುವರಿ ಮತ್ತು ಚರಂಡಿ ನೀರು ಈ ಕೆರೆಯನ್ನು ಕುಗ್ಗಿಸಿವೆ. ರಾಜರು ಕೋಟೆಯನ್ನು ಕಸಿದುಕೊಂಡದ್ದಕ್ಕೆ ಯುದ್ಧದ ದಾಖಲೆಯಾದರೂ ಇದೆ. ಕೆರೆಯನ್ನು ಗೇಣು ಗೇಣಾಗಿ ಕಳೆದುಕೊಂಡದ್ದಕ್ಕೆ ಯಾವ ಶಾಸನವೂ ಇರುವುದಿಲ್ಲ. ಮೊದಲು ಕೆರೆಯ ಗಡಿ ಗುರುತಾಗಲಿ, ಕೊಳಚೆ ಬೇರೆಡೆ ಹರಿಯಲಿ, ದಂಡೆಯ ಮೇಲೆ ನಾಲ್ಕು ಬೇವಿನ ಸಸಿಗಳ ಜೊತೆ ಒಂದೆರಡು ಮಾವಿನ ಸಸಿಗಳೂ ಏಳಲಿ. ಆಗ ಎರಡೂ ಭಾಷೆಯ ಹೆಸರುಗಳು ನಿಜವಾದಾವು.