ನಿವೃತ್ತಿಯ ನಂತರ ಹೊಸಪೇಟೆ ಕಡೆ ನೆಲೆಸಿದರೆ ಬೇಟೆಯಾಡಬಹುದೇ? ಕಾಡು-ಬೆಟ್ಟ ಪ್ರಿಯರು ತಿಳಿಯಬೇಕಾದ ಸಂಗತಿಗಳು

ಹಂಪಿಯ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಬೇಟೆಯ ದೃಶ್ಯಗಳ ಕೆತ್ತನೆಯಿದೆ. ಸುತ್ತಲೂ ಬಂಡೆಗುಡ್ಡ, ತುಂಗಭದ್ರೆಯ ಹಿನ್ನೀರು, ಸಂಡೂರಿನ ಕಾಡು. "ನಿವೃತ್ತಿಯಾದ ಮೇಲೆ ಆ ಕಡೆ ಒಂದು ತೋಟ ಮಾಡಿದರೆ ಸಾಕು, ಬೆಟ್ಟ ಹತ್ತಬಹುದು, ಮೀನು ಹಿಡಿಯಬಹುದು, ಒಂದೆರಡು ಮೊಲ ಹೊಡೆದರೂ ಯಾರು ಕೇಳುತ್ತಾರೆ?" ಎಂದು ಯೋಚಿಸುವವರಿದ್ದಾರೆ. ಈ ಯೋಚನೆಯಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂಬುದನ್ನು ಒಂದೊಂದಾಗಿ ನೋಡೋಣ.

ಬಂದೂಕಿನ ಪರವಾನಗಿ ಇದ್ದರೆ ಬೇಟೆಯಾಡಬಹುದೇ?

ಇಲ್ಲ. ಬಂದೂಕಿನ ಪರವಾನಗಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಸಿಗುತ್ತದೆ. ಅದು ಬಂದೂಕು ಇಟ್ಟುಕೊಳ್ಳಲು ಕೊಡುವ ಅನುಮತಿಯೇ ಹೊರತು ಪ್ರಾಣಿ ಕೊಲ್ಲಲು ಕೊಡುವ ಅನುಮತಿಯಲ್ಲ. ಬೇಟೆಯನ್ನು ನಿಷೇಧಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರ ಪ್ರಕಾರ ಗುಂಡು ಹೊಡೆಯುವುದಷ್ಟೇ ಬೇಟೆಯಲ್ಲ. ಉರುಲು ಹಾಕುವುದು, ವಿಷ ಇಡುವುದು, ಅಟ್ಟಿಸುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ.

"ನನ್ನ ಜಮೀನಿನಲ್ಲಿ ನಾನು ಹೊಡೆದರೆ ತಪ್ಪೇನು?" ಎಂಬುದು ಇನ್ನೊಂದು ತಪ್ಪು ತಿಳುವಳಿಕೆ. ಜಮೀನು ನಿಮ್ಮದಾದರೂ ಅಲ್ಲಿಗೆ ಬರುವ ಕಾಡುಪ್ರಾಣಿ ನಿಮ್ಮದಲ್ಲ. ಮೊಲ, ಕೌಜುಗಕ್ಕೂ ರಕ್ಷಣೆಯಿದೆ. ಕರಡಿ, ಚಿರತೆ, ನವಿಲು ಮೊದಲ ಅನುಸೂಚಿಯಲ್ಲಿವೆ. 2022ರ ತಿದ್ದುಪಡಿಯ ನಂತರ ಇಂಥ ಪ್ರಾಣಿಗಳನ್ನು ಕೊಂದರೆ 3ರಿಂದ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಬಳಸಿದ ಬಂದೂಕು, ವಾಹನವೂ ಸರ್ಕಾರದ ಪಾಲಾಗಬಹುದು. ಪಿಂಚಣಿಯಲ್ಲಿ ನೆಮ್ಮದಿಯಾಗಿರಬೇಕಾದ ವಯಸ್ಸಿನಲ್ಲಿ ಕೋರ್ಟಿಗೆ ಅಲೆಯುವುದು ಬೇಕೇ?

ಕಾಡುಹಂದಿ ಬೆಳೆ ಹಾಳು ಮಾಡಿದರೂ ಅರಣ್ಯ ಇಲಾಖೆಗೆ ದೂರು ಕೊಟ್ಟು ಪರಿಹಾರ ಕೇಳಬೇಕು, ಅನುಮತಿಯಿಲ್ಲದೆ ಹೊಡೆಯುವಂತಿಲ್ಲ. ಪ್ರಾಣಕ್ಕೆ ಅಪಾಯ ಬಂದಾಗ ಆತ್ಮರಕ್ಷಣೆಗಾಗಿ ಮಾಡಿದ್ದಕ್ಕೆ ಕಾಯ್ದೆಯಲ್ಲಿ ವಿನಾಯಿತಿಯಿದೆ. ಆದರೆ ಬೇಟೆಗೆಂದೇ ಹೋದವರಿಗೆ ಅದು ಅನ್ವಯಿಸುವುದಿಲ್ಲ.

ಹೊಳೆಯಲ್ಲಿ ಮೀನು ಹಿಡಿಯುವುದಕ್ಕೆ ಅಡ್ಡಿಯಿಲ್ಲವೇ?

ಎಲ್ಲ ಕಡೆಯೂ ಅಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗಿನ ತುಂಗಭದ್ರಾ ನದಿಯ ಸುಮಾರು 34 ಕಿಲೋಮೀಟರ್ ಭಾಗವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ನೀರುನಾಯಿಗಳ ಜೊತೆ ಇಲ್ಲಿ ಮೊಸಳೆ, ಆಮೆಗಳೂ ಇವೆ. ಸಿಡಿಮದ್ದು ಹಾಕಿ ಮೀನು ಹಿಡಿದರೆ ಇವೆಲ್ಲವೂ ಸಾಯುತ್ತವೆ. ಗಾಳ ಹಾಕುವ ಮೊದಲು ಮೀನುಗಾರಿಕೆ ಇಲಾಖೆ ಮತ್ತು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಕರಡಿ ಎದುರಾದರೆ ಮರ ಹತ್ತಬೇಕೇ?

ಇಬ್ಬರು ಗೆಳೆಯರು ಮತ್ತು ಕರಡಿಯ ಕಥೆಯನ್ನು ಎಲ್ಲರೂ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಒಬ್ಬ ಮರ ಹತ್ತಿದ, ಇನ್ನೊಬ್ಬ ಸತ್ತವನಂತೆ ಮಲಗಿದ, ಕರಡಿ ಮೂಸಿ ಹೋಯಿತು. ವಾಸ್ತವದಲ್ಲಿ ನಮ್ಮ ಕರಡಿ ಚೆನ್ನಾಗಿ ಮರ ಹತ್ತಬಲ್ಲದು, ಓಟದಲ್ಲೂ ಮನುಷ್ಯನನ್ನು ಮೀರಿಸುತ್ತದೆ. ಅದು ದಾಳಿ ಮಾಡುವುದು ಹೆಚ್ಚಾಗಿ ಹತ್ತಿರದಲ್ಲಿ ಏಕಾಏಕಿ ಮನುಷ್ಯರನ್ನು ಕಂಡು ಬೆಚ್ಚಿದಾಗ. ಆದ್ದರಿಂದ ನಸುಕು ಮತ್ತು ಮುಸ್ಸಂಜೆಯಲ್ಲಿ ಗುಡ್ಡದ ಪೊದೆಗಳ ನಡುವೆ ಒಂಟಿಯಾಗಿ ತಿರುಗಬೇಡಿ; ಜೊತೆಯವರೊಂದಿಗೆ ಮಾತಾಡುತ್ತಾ ನಡೆಯಿರಿ. ದಾಳಿ ಮಾಡಿಯೇಬಿಟ್ಟರೆ ಮುಖ ಕೆಳಗೆ ಮಾಡಿ ಮಲಗಿ, ಎರಡೂ ಕೈಗಳಿಂದ ಕುತ್ತಿಗೆ ಮುಚ್ಚಿಕೊಳ್ಳಿ. ಕರಡಿ ಹೆಚ್ಚಾಗಿ ಮುಖ, ತಲೆಗೆ ಗಾಯ ಮಾಡುತ್ತದೆ.

ಕರಡಿಯನ್ನು ಸುರಕ್ಷಿತವಾಗಿ ನೋಡಬೇಕೆಂದರೆ 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮವಿದೆ. ಬಂಡೆಗಳಿಗೆ ಸವರಿದ ಬೆಲ್ಲದ ಮಿಶ್ರಣ ನೆಕ್ಕಲು ಮಧ್ಯಾಹ್ನದ ನಂತರ ಬರುವ ಕರಡಿಗಳನ್ನು ವೀಕ್ಷಣಾ ಗೋಪುರದಿಂದ ನೋಡಬಹುದು.

ಒಣ ಬಿಸಿಲು ವಯಸ್ಸಾದವರಿಗೆ ಒಳ್ಳೆಯದೇ?

ಬೇಟೆಯ ಕಾನೂನಿಗಿಂತಲೂ ಹೆಚ್ಚು ಯೋಚಿಸಬೇಕಾದ ವಿಷಯ ಇದು. "ಬಯಲುಸೀಮೆಯ ಬಿಸಿಲಲ್ಲಿ ಬೆವರೇ ಬರುವುದಿಲ್ಲ, ಆದ್ದರಿಂದ ತೊಂದರೆಯಿಲ್ಲ" ಎನ್ನುತ್ತಾರೆ. ಬೆವರು ಬಂದೇ ಬರುತ್ತದೆ. ಗಾಳಿ ಒಣಗಿರುವುದರಿಂದ ತಕ್ಷಣ ಆರುತ್ತದೆ, ಅಷ್ಟೇ. ಎಷ್ಟು ನೀರು ಕಳೆದುಕೊಂಡೆವು ಎಂಬುದು ನಮಗೆ ಗೊತ್ತಾಗುವುದಿಲ್ಲ.

ವಯಸ್ಸಾದಂತೆ ಬಾಯಾರಿಕೆ ಕಡಿಮೆಯಾಗುತ್ತದೆ, ಬೆವರುವ ಶಕ್ತಿಯೂ ಕುಗ್ಗುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ಮುಖ್ಯವಾಗಿ ಮೂತ್ರ ಹೆಚ್ಚಿಸುವಂಥವು, ಬಿಸಿಲಿನ ತೊಂದರೆಯನ್ನು ಇನ್ನಷ್ಟು ಹೆಚ್ಚಿಸಬಹುದು. ಹಾಗೆಂದು ಮಾತ್ರೆ ನಿಲ್ಲಿಸಬೇಡಿ. ಬೇಸಿಗೆಗೆ ಮುಂಚೆ ವೈದ್ಯರನ್ನು ಕೇಳಿ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಹಂಪಿಯ ಬಂಡೆಗಳು ಹಗಲೆಲ್ಲ ಹೀರಿದ ಶಾಖವನ್ನು ಸಂಜೆ ಹೊರಬಿಡುವುದರಿಂದ ಹೊತ್ತು ಮುಳುಗಿದ ತಕ್ಷಣ ತಂಪಾಗುವುದಿಲ್ಲ. ಚಾರಣಕ್ಕೆ ಬೆಳಗಿನ ಹೊತ್ತೇ ವಾಸಿ. ಆದರೆ ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಿ, ಬಿಸಿಲೇರುವ ಮುನ್ನ ಮನೆ ಸೇರಿ.

ಬಿಸಿಲಲ್ಲಿದ್ದವರು ತೊದಲಿದರೆ, ಗೊಂದಲಗೊಂಡರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತವಿರಬಹುದು. ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹಾಗಾದರೆ ಯಾವ ಊರು ಒಳ್ಳೆಯದು?

ಹೊಸಪೇಟೆ: 2021ರಿಂದ ವಿಜಯನಗರ ಜಿಲ್ಲಾ ಕೇಂದ್ರ. ರೈಲು, ಮಾರುಕಟ್ಟೆ, ಆಸ್ಪತ್ರೆಗಳಿವೆ. ದೊಡ್ಡ ಚಿಕಿತ್ಸೆಗೆ ಸುಮಾರು 60 ಕಿಲೋಮೀಟರ್ ದೂರದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಉಳಿದ ಮೂರೂ ಊರುಗಳನ್ನು ಇಲ್ಲಿಂದ ಒಂದೇ ದಿನದಲ್ಲಿ ನೋಡಿ ಬರಬಹುದು.

ಹಂಪಿ: ನಡೆಯಲು, ಹಕ್ಕಿ ನೋಡಲು ಸೊಗಸು. ಆದರೆ ಇದು ವಿಶ್ವ ಪರಂಪರೆಯ ತಾಣ. ಮನೆ ಕಟ್ಟಲು, ದುರಸ್ತಿ ಮಾಡಲು ಕೂಡ ಕಟ್ಟುನಿಟ್ಟಿನ ನಿಯಮಗಳಿವೆ. ಪ್ರಾಧಿಕಾರದ ಅನುಮತಿ ನೋಡದೆ ನಿವೇಶನಕ್ಕೆ ಮುಂಗಡ ಕೊಡಬೇಡಿ.

ಸಂಡೂರು: ಬೆಟ್ಟ, ಕಾಡು ಇಷ್ಟಪಡುವವರಿಗೆ ಮೊದಲು ಮನಸ್ಸಾಗುವುದು ಇಲ್ಲೇ. ಇಲ್ಲಿನ ರಾಮಗಡದಲ್ಲಿ ಬ್ರಿಟಿಷರು 19ನೇ ಶತಮಾನದಲ್ಲೇ ಬಳ್ಳಾರಿಯ ಸೈನಿಕರಿಗಾಗಿ ಆರೋಗ್ಯಧಾಮ ಮಾಡಿಕೊಂಡಿದ್ದರು. ಈಗ ಅದೇ ತಾಲ್ಲೂಕಿನಲ್ಲಿ ಕಬ್ಬಿಣದ ಅದಿರಿನ ಗಣಿಗಳೂ ಇವೆ. ಅಸ್ತಮಾ ಅಥವಾ ಶ್ವಾಸಕೋಶದ ತೊಂದರೆ ಇರುವವರು ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕ ಮನೆ ಮಾಡಬಾರದು.

ಕಂಪ್ಲಿ: ನದಿ, ಕಾಲುವೆ, ಗದ್ದೆಗಳಿಂದ ಹಸಿರಾಗಿದೆ. ಆದರೆ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ಕಡೆಯ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ನದಿದಂಡೆಯ ತೋಟ ಕೊಳ್ಳುವ ಮುನ್ನ, ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅಕ್ಕಪಕ್ಕದವರನ್ನು ಕೇಳಿ.

ಕೊನೆಯ ಮಾತು

ಬೇಟೆಗಾರನಿಗಿರುವ ತಾಳ್ಮೆ, ಹೆಜ್ಜೆಗುರುತು ಓದುವ ಕಣ್ಣು, ಸದ್ದಿಲ್ಲದೆ ಕಾಯುವ ಅಭ್ಯಾಸ ವ್ಯರ್ಥವಾಗಬೇಕಿಲ್ಲ. ದರೋಜಿಯ ಕಲ್ಲುಗುಡ್ಡಗಳಲ್ಲಿ, ರಾಮ್ಸರ್ ತಾಣವೆಂದು ಗುರುತಾಗಿರುವ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯಲ್ಲಿ ದುರ್ಬೀನು, ಕ್ಯಾಮೆರಾ ಹಿಡಿದವರಿಗೆ ಅದೇ ಗುಣಗಳು ಬೇಕು.

ಸಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಬೇಕು ಎಂಬ ಮಾತಿದೆ. ನೋಡಲು ಅದು ಸರಿ. ಆದರೆ ನೆಲೆಸಲು ಊರು ಆರಿಸುವವರು ಮೇ ತಿಂಗಳಲ್ಲಿ ಬಾಡಿಗೆ ಮನೆ ಹಿಡಿದು ನಾಲ್ಕು ವಾರ ಇದ್ದು ನೋಡಲಿ. ಆ ಬಿಸಿಲಲ್ಲೂ ನಿಮ್ಮ ದೇಹ, ನಿಮ್ಮ ಮನೆಯವರ ದೇಹ ಒಗ್ಗಿಕೊಂಡರೆ ಆಮೇಲೆ ಜಾಗ ಕೊಳ್ಳುವ ಮಾತು.